ಜಮಖಂಡಿ ಎಲ್ಲಿ, ಕುಂದಗೋಳ ಎಲ್ಲಿ?

ಈ ಸಲದ ಇ-ಸಂಚಿಕೆಗೆ ಲೇಖನ ಕೊಡಿ, ಆದರೆ ದಯವಿಟ್ಟು ರೆಸಿಪಿ ಬೇಡ ಎಂದು ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂದಾಗ ನನಗೆ ಸಮಾಧಾನವೇ ಆಯಿತು. ನನ್ನ ಅಡುಗೆ ಮನೆಯವರಿಗಷ್ಟೇ ಸಾಕು. ಹಾಗಾಗಿ ಒಂದು ಹಳೆಯ ಕಾಗದದ ಕಥೆ ಬರೆಯುತ್ತಿದ್ದೇನೆ. ನಾನು ಇತಿಹಾಸ ಓದಿದವಳಲ್ಲ, ಎಂ.ಟೆಕ್ ಮಾಡಿ ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವಳು. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಕೂತರೆ ಬಗ್ ಸಿಗುವವರೆಗೂ ಬಿಡದ ಚಟ ನಮ್ಮ ಕಸುಬಿನವರಿಗೆಲ್ಲ ಇರುತ್ತದೆ.

ಪ್ರಶ್ನೆ ಚಿಕ್ಕಂದಿನದು. ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ಆಗಾಗ ಹೇಳುತ್ತಿದ್ದಳು: "ನಾ ಹುಟ್ಟಿದ್ದು ಜಮಖಂಡಿ ರಾಜ್ಯದಾಗ."

"ಅಜ್ಜಿ, ನೀ ಹುಟ್ಟಿದ್ದು ಕುಂದಗೋಳದಾಗಲ್ಲಾ?"

"ಹೌದವಾ, ಕುಂದಗೋಳದಾಗ. ಅಂದ್ರ ಜಮಖಂಡಿ ರಾಜ್ಯದಾಗ."

ಕುಂದಗೋಳ ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಜಮಖಂಡಿ ಇರುವುದು ಕೃಷ್ಣಾ ನದಿಯ ಹತ್ತಿರ, ಕುಂದಗೋಳದಿಂದ ನೂರೈವತ್ತು ಕಿಲೋಮೀಟರಿಗೂ ದೂರ, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿ. ಅಜ್ಜಿ ಜಮಖಂಡಿಯನ್ನು ಕಣ್ಣಿಂದ ನೋಡಿದವಳೇ ಅಲ್ಲ. ವಯಸ್ಸಾಗಿ ಏನೋ ಕಲಸಿಕೊಂಡು ಹೇಳುತ್ತಾಳೆ ಎಂದುಕೊಂಡಿದ್ದೆ.

ಅಜ್ಜಿ ಹೇಳಿದ್ದು ಅಕ್ಷರಶಃ ಸರಿ ಎಂದು ಗೊತ್ತಾಗಿದ್ದು ಇಲ್ಲಿ, ನಾಗ್ಪುರದಲ್ಲಿ, ನಮ್ಮ ಮನೀಶ್ ನಗರದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಎದುರು ಮನೆಯ ಕಾಕೂ ಮೂಲತಃ ಸಾಂಗಲಿಯವರು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಹೋದಾಗ, ನಿಮ್ಮೂರು ಯಾವುದು ಎಂದು ಕೇಳಿದರು. ನಮ್ಮ ದೊಡ್ಡಮ್ಮನನ್ನು ಕೊಟ್ಟಿದ್ದು ಶಿರಹಟ್ಟಿಗೆ ಎಂಬ ಮಾತು ನಡುವೆ ಬಂತು. ಕಾಕೂ ಮರಾಠಿಯಲ್ಲಿ, "ಶಿರಹಟ್ಟಿ? ಅದು ನಮ್ಮ ಸಾಂಗಲಿಯದಲ್ಲವೇ!" ಎಂದುಬಿಟ್ಟರು. ಅವರ ಅಜ್ಜ ಶಿರಹಟ್ಟಿಯಲ್ಲಿ ಸಾಂಗಲಿ ಸಂಸ್ಥಾನದ ಕಾರಕೂನರಾಗಿದ್ದರಂತೆ. ಫಕೀರೇಶ್ವರ ಮಠದ ಜಾತ್ರೆಯ ಸುದ್ದಿ ಅವರ ಮನೆಯಲ್ಲಿ ಇನ್ನೂ ಮಾತಾಗುತ್ತದಂತೆ. ಗದಗ ಜಿಲ್ಲೆಯ ಶಿರಹಟ್ಟಿ ಇನ್ನೂರು ಕಿಲೋಮೀಟರ್ ಆಚೆಯ ಸಾಂಗಲಿಯದು ಹೇಗಾಗುತ್ತದೆ? ಅಜ್ಜಿಯ ಜಮಖಂಡಿ ಆಗ ನೆನಪಾಯಿತು.

ಅವತ್ತು ರಾತ್ರಿ ಕೂತು ಬ್ರಿಟಿಷ್ ಕಾಲದ ಮುಂಬಯಿ ಪ್ರಾಂತ್ಯದ ನಕ್ಷೆಗಳನ್ನು ಹುಡುಕಿದೆ. ಧಾರವಾಡ ಜಿಲ್ಲೆ ಕೆಂಪು ಬಣ್ಣದಲ್ಲಿತ್ತು, ಅದರ ಮೈಮೇಲೆ ಹಳದಿ ಚುಕ್ಕೆಗಳು. ಕುಂದಗೋಳ ಜಮಖಂಡಿಯದು. ಅದರ ಪಕ್ಕದ ಗುಡಗೇರಿ ಕಿರಿಯ ಮೀರಜ್ ಸಂಸ್ಥಾನದ್ದು. ಲಕ್ಷ್ಮೇಶ್ವರ ಹಿರಿಯ ಮೀರಜ್‌ನದು. ಶಿರಹಟ್ಟಿ ಸಾಂಗಲಿಯದು. ಸವಣೂರಿಗೆ ನವಾಬರು ಬೇರೆ. ಒಂದು ದಿನದ ಬಂಡಿ ಪ್ರಯಾಣದಲ್ಲಿ ನಾಲ್ಕೈದು ಸರ್ಕಾರ ದಾಟಬಹುದಿತ್ತು. ಮೊದಲಿಂದ ಕೊನೆಯವರೆಗೆ ಕಿವಿಗೆ ಬೀಳುವುದು ಅದೇ ಗಂಡುಮೆಟ್ಟಿನ ಕನ್ನಡ.

ಇದಕ್ಕೆಲ್ಲ ಕಾರಣ ಅಣ್ಣತಮ್ಮಂದಿರ ಪಾಲು! ಮರಾಠರ ಕಾಲದಲ್ಲಿ ಪಟವರ್ಧನ ಮನೆತನಕ್ಕೆ ಪೇಶ್ವೆಯವರು ಸೈನ್ಯದ ಖರ್ಚಿಗೆಂದು ಕೃಷ್ಣೆಯಿಂದ ತುಂಗಭದ್ರೆಯ ಕಡೆಯವರೆಗೆ ಅಲ್ಲಲ್ಲಿ ಊರುಗಳನ್ನು ಬಿಟ್ಟುಕೊಟ್ಟರು. ಮುಂದೆ ಮನೆ ಒಡೆಯಿತು. ಸಾಂಗಲಿಯ ಶಾಖೆ, ಮೀರಜ್‌ನ ಶಾಖೆ, ಜಮಖಂಡಿಯ ಶಾಖೆ, ಕುರುಂದವಾಡದ ಶಾಖೆ ಬೇರೆಬೇರೆಯಾದವು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೂ ಬ್ರಿಟಿಷರು ಈ ಸರದಾರರನ್ನು ಉಳಿಸಿಕೊಂಡರು. 1820ರಲ್ಲಿ ಮೀರಜ್ ಮತ್ತೆ ನಾಲ್ಕು ಪಾಲಾಯಿತು. ಮನೆ ಪಾಲು ಮಾಡುವಾಗ ನಾವೇನು ಮಾಡುತ್ತೇವೆ? ಕರಿ ಮಣ್ಣಿನ ಹೊಲದಲ್ಲಿ ಎಲ್ಲರಿಗೂ ಒಂದೊಂದು ತುಂಡು, ತೋಟದಲ್ಲಿ ಒಂದೊಂದು ತುಂಡು. ಹಾಗೆಯೇ ಒಳ್ಳೆಯ ಹುಟ್ಟುವಳಿಯ ತಾಲ್ಲೂಕುಗಳನ್ನು ಹಂಚಿಕೊಂಡರು. ಹುಬ್ಬಳ್ಳಿ ಸುತ್ತಲಿನ ಎರೆಭೂಮಿ, ಹತ್ತಿ ಬೆಳೆಯುವ ನೆಲ, ಯಾರಿಗೆ ಬೇಡ? ಸಾಂಗಲಿ ಸಂಸ್ಥಾನಕ್ಕೆ ಆರು ತಾಲ್ಲೂಕು. ಅದರಲ್ಲಿ ಶಿರಹಟ್ಟಿ ಒಂದು ಕಡೆ, ತೇರದಾಳ ಇನ್ನೊಂದು ಕಡೆ, ಬೆಳಗಾವಿಗೆ ಅಂಟಿಕೊಂಡ ಶಹಾಪುರ ಮತ್ತೊಂದು ಕಡೆ. ಬಿಜ್ಜಳನ ಮಂಗಳವೇಢೆಯೂ ಅವರದೇ. ಶಹಾಪುರ ಸೀರೆ ಉಟ್ಟವರು ನಮ್ಮಲ್ಲಿ ಅನೇಕರಿದ್ದೀರಿ. ಆ ಶಹಾಪುರ ಈಗ ಬೆಳಗಾವಿ ನಗರದ ಒಳಗೇ ಇದೆ, ಆಗ ಮಾತ್ರ ಬೇರೆ ರಾಜ್ಯ.

ಇವತ್ತಿಗೂ ನನಗೆ ಅರಗಿಸಿಕೊಳ್ಳಲಾಗದ್ದು ಲಕ್ಷ್ಮೇಶ್ವರದ ವಿಷಯ. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ. 9ನೇ ಶತಮಾನದ ಕವಿರಾಜಮಾರ್ಗ ಅಚ್ಚಗನ್ನಡದ ತಿರುಳು ಎಂದು ಗುರುತಿಸಿದ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಸಾವಿರ ವರ್ಷದ ನಂತರ ನೋಡಿದರೆ ಪುಲಿಗೆರೆ ಮೀರಜ್ ಸಂಸ್ಥಾನದ ತುಣುಕು. ಕೊಪಣ, ಅಂದರೆ ಕೊಪ್ಪಳ, ಹೈದರಾಬಾದ್ ನಿಜಾಮನ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಾಗೀರು. ಕಿಸುವೊಳಲು ಎಂದರೆ ಪಟ್ಟದಕಲ್ಲು. ಅದೂ ಬೈಲಹೊಂಗಲದ ಕಡೆಯ ಒಕ್ಕುಂದವೂ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿ. ಕನ್ನಡದ ತಿರುಳೇ ಮೂರು ಸರ್ಕಾರಗಳ ಪಾಲು. ಮೈಸೂರಿನ ಅರಸರಿಗೆ ಇದರಲ್ಲಿ ಒಂದು ಊರೂ ಇರಲಿಲ್ಲ. ಆಲೂರು ವೆಂಕಟರಾಯರಂಥವರು ಧಾರವಾಡದಲ್ಲಿ ಕೂತು ಏಕೀಕರಣ ಎಂದು ಏಕೆ ಅಷ್ಟು ಹಂಬಲಿಸಿದರು ಎಂಬುದು ಈ ನಕ್ಷೆ ನೋಡಿದ ಮೇಲೆ ನನಗೆ ಮೈಗೆ ತಾಗಿತು. ಶಾಲೆಯಲ್ಲಿ ನವೆಂಬರ್ 1ಕ್ಕೆ ಭಾಷಣ ಬಾಯಿಪಾಠ ಮಾಡಿದಾಗ ಆಗಿರಲಿಲ್ಲ.

ದ್ವೀಪದೊಳಗೆ ಬದುಕುವುದು ಎಂದರೆ ದಿನನಿತ್ಯಕ್ಕೆ ಏನು? ಕಂದಾಯ ಕಟ್ಟುವುದು ದೂರದ ರಾಜನ ಕಚೇರಿಗೆ. ಹುಬ್ಬಳ್ಳಿಯ ನ್ಯಾಯಾಲಯ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೂ ನಿಮ್ಮ ತಕರಾರು ಅಲ್ಲಿ ನಡೆಯುವುದಿಲ್ಲ. ಕುಂದಗೋಳದಲ್ಲಿ ತೀರ್ಮಾನ ಆಗದಿದ್ದರೆ ಮೇಲಿನ ಮಾತು ಜಮಖಂಡಿಯಲ್ಲಿ. 1937ರಲ್ಲಿ ಮುಂಬಯಿ ವಿಧಾನಸಭೆಗೆ ಚುನಾವಣೆ ನಡೆದಾಗ ಹುಬ್ಬಳ್ಳಿಯಲ್ಲಿ ಅರ್ಹತೆ ಇದ್ದ ಹೆಂಗಸರು ಮತ ಹಾಕಿದರು. ಕುಂದಗೋಳದ ಗಂಡಸರಿಗೂ ಆ ಮತ ಇರಲಿಲ್ಲ, ಅದು ಬೇರೆ ರಾಜ್ಯ. ಇನ್ನೊಂದು ತಮಾಷೆ ನೋಡಿ. ಸಂಸ್ಥಾನಗಳ ಮೂಲಕ ಹಾದುಹೋಗುವ ಮುಖ್ಯ ರೈಲು ದಾರಿಯ ಜಮೀನಿನ ಅಧಿಕಾರವನ್ನು ಬ್ರಿಟಿಷರು ತಮ್ಮ ಕೈಗೇ ತೆಗೆದುಕೊಳ್ಳುವುದು ರೂಢಿ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ದಾರಿಯಲ್ಲೇ ಕುಂದಗೋಳ, ಗುಡಗೇರಿ ಸ್ಟೇಶನ್ನುಗಳಿವೆ. ಒಂದು ತಾಸಿನ ಪ್ರಯಾಣದಲ್ಲಿ ಕಿಟಕಿಯ ಹೊರಗೆ ಮೂರು ಸರ್ಕಾರಗಳ ಹೊಲ.

ಆ ರೈಲಿನಲ್ಲೇ ಗಂಗೂಬಾಯಿ ಹಾನಗಲ್ ಓಡಾಡಿದ್ದು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ನಾಟಕ ಕಂಪನಿಗಳ ಅಲೆದಾಟ ಮುಗಿಸಿ ಊರಿಗೆ ಮರಳಿದ ಮೇಲೆ, 1930ರ ದಶಕದ ಕೊನೆಗೆ, ಹುಬ್ಬಳ್ಳಿಯಲ್ಲಿ ಸಂಸಾರ ಇದ್ದ ಗಂಗೂಬಾಯಿ ಪಾಠಕ್ಕಾಗಿ ರೈಲು ಹತ್ತಿ ಕುಂದಗೋಳಕ್ಕೆ ಹೋಗುತ್ತಿದ್ದರು. ಮನೆಕೆಲಸ, ಮಕ್ಕಳು, ಜನರ ಮಾತು ಎಲ್ಲ ಹಿಂದೆ ಬಿಟ್ಟು ಹೋಗಿ, ಕತ್ತಲಾದ ಮೇಲೆ ವಾಪಸು. ಹುಡುಗ ಭೀಮಸೇನ ಜೋಶಿ ಆಗ ಗುರುಗಳ ಮನೆಯಲ್ಲೇ ನೀರು ಹೊತ್ತುಕೊಂಡು ಕಲಿಯುತ್ತಿದ್ದ ಕಾಲ. ಬ್ರಿಟಿಷ್ ಹುಬ್ಬಳ್ಳಿಯಿಂದ ಜಮಖಂಡಿ ರಾಜ್ಯಕ್ಕೆ ವಾರಕ್ಕೆಷ್ಟೋ ಸಲ "ವಿದೇಶ ಪ್ರಯಾಣ" ಮಾಡುತ್ತಿದ್ದೇನೆ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ. ಕಿರಾನಾ ಘರಾನೆಗೆ ಯಾವ ಸಂಸ್ಥಾನವೂ ಟೋಲ್ ಹಾಕಲಿಲ್ಲ ಅನ್ನಿ. ಅಬ್ದುಲ್ ಕರೀಂ ಖಾನರು ಬಂದು ಹಾಡುತ್ತಿದ್ದ ಅಲ್ಲಿನ ನಾಡಗೇರ ವಾಡೆಯಲ್ಲಿ ಈಗಲೂ ಸವಾಯಿ ಗಂಧರ್ವರ ಹೆಸರಿನಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ.

ಸಂಗೀತಕ್ಕೆ ಅಡ್ಡ ಬರದ ಗಡಿ ಕಾನೂನಿಗೆ ಬರುತ್ತಿತ್ತು. ಇಲ್ಲಿ ನಾವು ಹೆಂಗಸರು ಸ್ವಲ್ಪ ನಿಂತು ನೋಡಬೇಕು.

ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಮಾಡಿತು. ಕೂಡು ಕುಟುಂಬ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೂ ಪಾಲು ಉಂಟು ಎಂದಿತು. ಬ್ರಿಟಿಷ್ ಇಂಡಿಯಾದಲ್ಲಿ ಇಂಥ ಕಾನೂನು ಬಂದದ್ದು 1937ಕ್ಕೆ. ಅದು ವಿಧವೆಗೆ ಜೀವಿತಾವಧಿಯ ಹಕ್ಕನ್ನಷ್ಟೇ ಕೊಟ್ಟಿತು, ಹೆಣ್ಣುಮಕ್ಕಳ ಹೆಸರೆತ್ತಲಿಲ್ಲ. ಸಾಲದ್ದಕ್ಕೆ 1941ರಲ್ಲಿ ಫೆಡರಲ್ ಕೋರ್ಟ್, ಪ್ರಾಂತ್ಯಗಳ ಕೃಷಿ ಜಮೀನಿಗೆ ಇದು ಅನ್ವಯಿಸುವುದಿಲ್ಲ ಎಂದಿತು. ಹಳ್ಳಿಯ ಹೆಂಗಸಿಗೆ ಆಸ್ತಿ ಅಂದರೆ ಹೊಲವಲ್ಲದೆ ಇನ್ನೇನು? ಇನ್ನು ಸಂಸ್ಥಾನಗಳಲ್ಲಿ ಬ್ರಿಟಿಷ್ ಇಂಡಿಯಾದ ಕಾನೂನು ತಾನಾಗಿ ನಡೆಯುವುದೇ ಇಲ್ಲ. ಆಯಾ ರಾಜರು ಒಪ್ಪಿ ಜಾರಿ ಮಾಡಬೇಕು. ಹಾಗಾಗಿ ಶಿವಮೊಗ್ಗದ ವಿಧವೆ, ಬಳ್ಳಾರಿಯ ವಿಧವೆ, ಕುಂದಗೋಳದ ವಿಧವೆ ಒಂದೇ ಭಾಷೆಯಲ್ಲಿ ಅತ್ತರೂ ಮೂವರ ಪಾಲು ಬೇರೆ.

ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ ಕೂಡ ಹಾಗೆಯೇ. 1930ರ ಏಪ್ರಿಲ್‌ನಿಂದ ಅದು ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂತು. ಆಂಧ್ರದ ಗೋದಾವರಿ ತೀರದಲ್ಲಿ ಯಾನಂ ಎಂಬ ಪುಟ್ಟ ಊರಿದೆ. ಸುತ್ತಲೂ ಬ್ರಿಟಿಷರ ಜಿಲ್ಲೆ, ನಡುವೆ ಫ್ರೆಂಚರ ಈ ತುಂಡು. ಎಳೆಯ ಹುಡುಗಿಯರ ಮದುವೆ ಮಾಡಬೇಕೆನ್ನುವವರು ಸುತ್ತಲ ಜಿಲ್ಲೆಯಿಂದ ಯಾನಂಗೆ ಬಂದು ತಾಳಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಊರಿಗೆ ಕಲ್ಯಾಣಪುರಂ ಎಂದೇ ಹೆಸರು ಬಿತ್ತು! ಯಾನಂ ಇವತ್ತಿಗೂ ಆಂಧ್ರದ ನಡುವೆ ಪುದುಚೇರಿಯ ದ್ವೀಪ. ನಮ್ಮಜ್ಜಿಯ ಮದುವೆ 1946ರಲ್ಲಿ ಕುಂದಗೋಳದ ಮನೆಯ ಅಂಗಳದಲ್ಲಿ ಆಯಿತು. ಅವಳಿಗೆ ಹನ್ನೆರಡು ವರ್ಷ. ಹುಬ್ಬಳ್ಳಿಯಲ್ಲಿ ಮಾಡಿದ್ದರೂ ಯಾರೂ ತಡೆಯುತ್ತಿರಲಿಲ್ಲವೇನೋ. ಕಾಯಿದೆ ಇದ್ದ ಕಡೆಯೂ ಅದು ಹೆಚ್ಚಾಗಿ ಕಾಗದದ ಮೇಲೆಯೇ ಇತ್ತು.

ಕರ್ನಾಟಕದಲ್ಲಿ ಇಂಥ ದ್ವೀಪಗಳು ಇನ್ನೂ ಇದ್ದವು. ಸಂಡೂರು ಘೋರ್ಪಡೆ ಮನೆತನದ್ದು, ಸುತ್ತ ಮದ್ರಾಸಿನ ಬಳ್ಳಾರಿ ಜಿಲ್ಲೆ. ಆ ಪುಟ್ಟ ಸಂಸ್ಥಾನದೊಳಗೆ ರಾಮನದುರ್ಗದ ಬೆಟ್ಟದ ಮೇಲೆ ಬ್ರಿಟಿಷ್ ಸಿಪಾಯಿಗಳ ಆರೋಗ್ಯಧಾಮ, ಅಂದರೆ ದ್ವೀಪದೊಳಗೊಂದು ದ್ವೀಪ. ಬೆಂಗಳೂರಿನ ದಂಡು ಪ್ರದೇಶ ಎಲ್ಲರಿಗೂ ಗೊತ್ತು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದರು, ಕಂಟೋನ್ಮೆಂಟನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. ಅದು ವಾಪಸು ಬಂದದ್ದು 1947ರ ಜುಲೈ 26ಕ್ಕೆ. ಅಲ್ಲಿಯವರೆಗೆ ಪೇಟೆಯವರಿಗೆ ಒಂದು ಪುರಸಭೆ, ದಂಡಿನವರಿಗೆ ಇನ್ನೊಂದು. ನಾನು ಬೆಂಗಳೂರಿನಲ್ಲಿ ಓದುವಾಗ ಒಂದೇ ಊರಿಗೆ ಸಿಟಿ, ಕಂಟೋನ್ಮೆಂಟ್ ಎಂದು ಎರಡು ದೊಡ್ಡ ಸ್ಟೇಶನ್ ಏಕೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ನಾಗ್ಪುರದವರಾದ ನಮಗೂ ಈ ಕಥೆಯ ಒಂದು ಎಳೆ ತಾಗುತ್ತದೆ. ಸಂಸ್ಥಾನ ಉಳಿಯಬೇಕಾದರೆ ಗಂಡು ಮಗ ಬೇಕು, ಇಲ್ಲವಾದರೆ ದತ್ತಕಕ್ಕೆ ಕಂಪನಿಯ ಒಪ್ಪಿಗೆ ಬೇಕು. ಮೀರಜ್‌ನ ನಾಲ್ಕು ಪಾಲಿನಲ್ಲಿ ಎರಡು, 1842 ಮತ್ತು 1845ರಲ್ಲಿ, ವಾರಸುದಾರರಿಲ್ಲದೆ ಬ್ರಿಟಿಷರ ಪಾಲಾದವು. ಇಲ್ಲಿನ ಭೋಸಲೆ ಅರಸ ಮೂರನೇ ರಘೋಜಿ 1853ರ ಡಿಸೆಂಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಹಿರಿಯ ರಾಣಿ ಬಾಂಕಾಬಾಯಿ ಎಷ್ಟು ವಾದಿಸಿದರೂ ಡಾಲ್‌ಹೌಸಿ ಕೇಳಲಿಲ್ಲ, 1854ರಲ್ಲಿ ನಾಗ್ಪುರ ಹೋಯಿತು. ಅರಮನೆಯ ಆನೆ ಕುದುರೆಗಳೂ ಹರಾಜಾದವು. ಇದಕ್ಕೆ ಮೂವತ್ತು ವರ್ಷ ಮೊದಲೇ, 1824ರಲ್ಲಿ, ದತ್ತಕದ ಇದೇ ತಕರಾರಿಗೆ ಕಿತ್ತೂರು ಚೆನ್ನಮ್ಮ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಎದುರಿಸಿದಳು. ಅಕ್ಟೋಬರ್ 23ರ ಕಾಳಗದಲ್ಲಿ ಅವನು ಸತ್ತ. ಸೆರೆಯಾದ ಚೆನ್ನಮ್ಮ ಬೈಲಹೊಂಗಲದಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಎರಡೂ ಕಡೆ ನಕ್ಷೆಯ ಬಣ್ಣ ಬದಲಾದದ್ದು ಒಬ್ಬ ಹುಡುಗ ಹುಟ್ಟಲಿಲ್ಲ ಎಂಬ ನೆಪಕ್ಕೆ. ಮನೆಯಲ್ಲಿ ಇದ್ದ ಹೆಂಗಸರು ಲೆಕ್ಕಕ್ಕೇ ಬರಲಿಲ್ಲ.

ಇದೆಲ್ಲ ಹಳೆಯ ಕಾಲದ ವಿಚಿತ್ರ ಎಂದುಕೊಳ್ಳಬೇಡಿ. ಕೂಚ್ ಬಿಹಾರದ ಗಡಿಯಲ್ಲಿ ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಬಾಂಗ್ಲಾದೇಶದ 51 ತುಂಡುಗಳು 2015ರ ಜುಲೈ 31ರ ಮಧ್ಯರಾತ್ರಿಯವರೆಗೂ ಇದ್ದವು. 50,000ಕ್ಕೂ ಹೆಚ್ಚು ಜನ. ಹೆರಿಗೆಗೆ ಆಸ್ಪತ್ರೆಗೆ ಹೋಗುವ ಹೆಂಗಸು ಪಕ್ಕದ ಭಾರತೀಯ ಹಳ್ಳಿಯ ಯಾರದೋ ಹೆಸರನ್ನು ಗಂಡನ ಹೆಸರೆಂದು ಬರೆಸಬೇಕಾದ ಪರಿಸ್ಥಿತಿ ಇತ್ತು. ನಮ್ಮ ತುಮಕೂರು ಜಿಲ್ಲೆಯ ಪಾವಗಡ ಇವತ್ತಿಗೂ ಉಳಿದ ಜಿಲ್ಲೆಗೆ ಅಂಟಿಕೊಂಡಿಲ್ಲ, ಬಹುಪಾಲು ಆಂಧ್ರವೇ ಸುತ್ತಿಕೊಂಡಿದೆ. ನನ್ನ ಕಚೇರಿ ಇರುವ ಮಿಹಾನ್ ಎಸ್‌ಇಝಡ್ ಕೂಡ, 2005ರ ಕಾಯಿದೆಯ ಪ್ರಕಾರ, ಸುಂಕದ ಲೆಕ್ಕದಲ್ಲಿ ಭಾರತದ ಹೊರಗಿನ ಪ್ರದೇಶ. ಬೆಳಗ್ಗೆ ಡಬ್ಬಿ ಹಿಡಿದು ಗೇಟ್ ದಾಟಿದರೆ ಕಾಗದದ ಮೇಲೆ ಪರದೇಶ! 2020ರ ಕೊನೆಗೆ ಸೇತುವೆ ತೆರೆಯುವವರೆಗೆ ರೈಲ್ವೆ ಗೇಟ್ ಬಿದ್ದಾಗ ವಾರ್ಧಾ ರಸ್ತೆ ಕಣ್ಣೆದುರೇ ಇದ್ದರೂ ತಲುಪಲಾಗದೆ ನಿಂತ ಮನೀಶ್ ನಗರದವರಿಗೆ ದ್ವೀಪವಾಸ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಜ್ಜಿಯ ದ್ವೀಪ ಕರಗಿದ್ದು 1948ರ ಮಾರ್ಚ್ 8ರಂದು. ಜಮಖಂಡಿ, ಸಾಂಗಲಿ, ಮೀರಜ್ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಜಮಖಂಡಿಯ ಕೊನೆಯ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ಮುಂದೆ ದೇಶದ ಉಪರಾಷ್ಟ್ರಪತಿಯಾದವರು. ಕುಂದಗೋಳ, ಶಿರಹಟ್ಟಿ, ಲಕ್ಷ್ಮೇಶ್ವರ ಧಾರವಾಡ ಜಿಲ್ಲೆಗೆ ಸೇರಿದವು. ಸಂಡೂರು 1949ರ ಏಪ್ರಿಲ್ 1ಕ್ಕೆ ಮದ್ರಾಸಿಗೆ, 1953ರಲ್ಲಿ ಬಳ್ಳಾರಿಯೊಂದಿಗೆ ಮೈಸೂರಿಗೆ. 1956ರ ನವೆಂಬರ್ 1 ನಿಮಗೆಲ್ಲ ಗೊತ್ತೇ ಇದೆ.

ಈಗ ಆ ಕಾಗದ. ಅಜ್ಜಿ ಹೋದ ಮೇಲೆ ಅವಳ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಸಿಕ್ಕಿತ್ತು. ಮಡಿಚಿದ ಗೆರೆಯಲ್ಲಿ ಹರಿದಿತ್ತು, ಒಂದು ಮುದ್ರೆ ಇತ್ತು, ಅಕ್ಷರ ಯಾರಿಗೂ ಓದಲು ಬಂದಿರಲಿಲ್ಲ. ದೇವನಾಗರಿಯೂ ಅಲ್ಲ, ಕನ್ನಡವೂ ಅಲ್ಲ. ಅಮ್ಮ ಅದನ್ನು ದೇವರ ಚೀಟಿ ಇರಬೇಕೆಂದು ಪೂಜೆಯ ಡಬ್ಬಿಯಲ್ಲಿ ಇಟ್ಟಿದ್ದರು. ಫೋನಿನಲ್ಲಿದ್ದ ಫೋಟೊವನ್ನು ಕಾಕೂಗೆ ತೋರಿಸಿದೆ. ನೋಡಿದ ಕೂಡಲೇ, "ಅಗ್ಗಬಾಯಿ, ಇದು ಮೋಡಿ!" ಎಂದರು. ಅವರ ಮೈದುನ ನಿವೃತ್ತರಾದ ಮೇಲೆ ಮೋಡಿ ಲಿಪಿ ಕಲಿತಿದ್ದಾರಂತೆ. ಒಂದು ಭಾನುವಾರ ಅವರು ಭೂತಗನ್ನಡಿ ಹಿಡಿದು ಎರಡು ತಾಸು ಕೂತರು. ನಾನು ಚಹಾ ಮಾಡಿಕೊಡುತ್ತಾ ಕಾದೆ.

ಅದು ಕಂದಾಯ ಕಟ್ಟಿದ ಪಾವತಿ. ಜಮಖಂಡಿ ಸಂಸ್ಥಾನ, ಕುಂದಗೋಳ ತಾಲ್ಲೂಕು. ಸರ್ವೆ ನಂಬರ್ ಅರ್ಧ ಹರಿದಿದೆ. ನಾಲ್ಕು ಎಕರೆ ಮತ್ತು ಕೆಲವು ಗುಂಟೆ. ಕಟ್ಟಿದವರ ಹೆಸರು ನಮ್ಮ ಮುತ್ತಜ್ಜಿಯದು, ಗಂಡನ ಹೆಸರಿನ ಹಿಂದೆ "ಕೋಂ" ಎಂದು ಸೇರಿಸಿ. ಮುತ್ತಜ್ಜಿ ಇಪ್ಪತ್ತೈದಕ್ಕೇ ಗಂಡನನ್ನು ಕಳೆದುಕೊಂಡವಳು, ಮೈದುನನ ಮನೆಯಲ್ಲಿ ಅನ್ನಕ್ಕಾಗಿ ಇದ್ದವಳು ಎಂದು ನಾವು ಕೇಳುತ್ತಾ ಬೆಳೆದಿದ್ದೆವು. ತನ್ನ ಹೆಸರಿನಲ್ಲಿ ಹೊಲ ಇಟ್ಟುಕೊಂಡು, ತಾನೇ ಕಂದಾಯ ಕಟ್ಟಿ, ತನಗೆ ಓದಲು ಬಾರದ ಭಾಷೆಯ ತನಗೆ ಓದಲು ಬಾರದ ಲಿಪಿಯ ಪಾವತಿಯನ್ನು ಅವಳು ಜೋಪಾನ ಮಾಡಿದ್ದಳು. ಅಜ್ಜಿಗೆ ಅದೇನೆಂದು ಗೊತ್ತಿತ್ತೋ ಇಲ್ಲವೋ, ಆದರೆ ಎಪ್ಪತ್ತು ವರ್ಷ ಅವಳೂ ಬಿಸಾಡಲಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ, "ಆ ಹೊಲ ಯಾರಿಗೆ ಹೋತು?" ಅಂದರು. ನಾನು ಸುಮ್ಮನಿದ್ದೆ.

"ನಿನ್ನ ಮಾಮಾಗ ಕೇಳಾಕ ಹೋಗಬ್ಯಾಡ ಮತ್ತ. ಹಬ್ಬಕ್ಕ ಬರ್ತೀಯಲ್ಲಾ, ಆವಾಗ ನಾವಿಬ್ರೂ ಕುಂದಗೋಳಕ್ಕ ಹೋಗೋಣಂತ. ಹುಬ್ಬಳ್ಳಿಂದ ರೈಲಿಗೇ ಹೋಗೋಣು. ಆ ಕಾಗದದ ಜೆರಾಕ್ಸ್ ತೊಗೊಂಡ ಬಾ, ಅಸಲು ಬ್ಯಾಡ."